ದ್ಯಾಸಿಯ ಬಿಸ್ಕೀಟಿನೊಳಗೆ ಏನಿತ್ತು

ಮೊನ್ನೆ ಗಂಗಕ್ಕನ ಮನೆಯ ಪಡಸಾಲೆಯಲ್ಲಿ ನಾವು ಮೂವರು ಹೆಂಗಸರು ಕೂತಿದ್ದೆವು. ಗಂಗಕ್ಕ ತನ್ನ ಜೋಕಾಲಿಯ ಮೇಲೆ, ನಾನು ಗೋಡೆಗೆ ಬೆನ್ನು ಹಚ್ಚಿ ಜಮಖಾನದ ಮೇಲೆ, ಅವಳ ಸೊಸೆ ಪ್ರೇಮಾ ನಮ್ಮಿಬ್ಬರ ನಡುವೆ ಚಹದ ಕಪ್ಪು, ಬಿಸ್ಕೀಟಿನ ತಾಟು ಇಡುತ್ತ. ನಾನು ಒಂದು ಬಿಸ್ಕೀಟು ಎತ್ತಿ ಮೂಗಿನ ಹತ್ತಿರ ಒಯ್ದೆ, ಮೂಸಿದೆ, ತಿರುಗಿಸಿ ಹಿಂಬದಿ ಮೂಸಿದೆ, ಆಮೇಲೆ ಬಾಯಿಗೆ ಹಾಕಿಕೊಂಡೆ.

ಪ್ರೇಮಾ ಗಾಬರಿಯಾದಳು. "ಮಾವಶೀ, ವಾಸನಿ ಬಂದಾವೇನ್ರಿ? ಇವತ್ತ ಮುಂಜಾನೆ ತಂದಾವ್ರಿ."

"ಇಲ್ಲವಾ, ಚೊಲೋ ಅವ."

"ಮತ್ತ ಯಾಕ ಮೂಸಿದ್ರಿ?"

ಗಂಗಕ್ಕ ಕಾಲೂರಿ ಜೋಕಾಲಿ ನಿಲ್ಲಿಸಿದಳು. "ಅಕಿ ಲಗ್ನಾಗಿ ಪುಣೆಗೆ ಬಂದಾಗಿಂದ ಹಂಗ. ಪ್ರಸಾದ ಕೊಡು, ಕಣ್ಮುಚ್ಚಿ ನುಂಗ್ತಾಳ. ಬಿಸ್ಕೀಟ ಕೊಡು, ನಾಯಿ ಹಂಗ ಮೂಸ್ತಾಳ."

ಗಂಗಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನನಗೆ ಈ ಚಟ ಬಂದದ್ದು ನಾಯಿಯಿಂದಲೇ. ಸಣ್ಣವಳಿದ್ದಾಗ ಗದಗಿನಲ್ಲಿ ನಮಗೆ ಬಿಸ್ಕೀಟು ಅಂದರೆ ಜ್ವರದ ಪಥ್ಯ. ಮೈ ಸುಡುತ್ತಿದ್ದರೆ ಅಪ್ಪ ಪೇಟೆಯಿಂದ ಕಾಗದದಲ್ಲಿ ಸುತ್ತಿ ತರುತ್ತಿದ್ದ. ಅಜ್ಜಿ ಮಾತ್ರ ಅದನ್ನು ಅಡಿಗೆಮನೆಯ ಹೊಸ್ತಿಲು ದಾಟಿಸಗೊಡುತ್ತಿರಲಿಲ್ಲ. "ಯಾರ ಕೈಯಾಗಿನ ಹಿಟ್ಟೋ, ಯಾರ ಒಲಿ ಮ್ಯಾಲಿನ ಬೆಂಕಿಯೋ! ಕಂಡ ರೊಟ್ಟಿ ತಿನ್ನು, ಕಾಣದ್ದ ತಿನಬ್ಯಾಡ" ಅನ್ನುವಳು. ನಾವು ಬಿಸ್ಕೀಟಿನ ಆಶೆಗೆ ಜ್ವರ ಬರಲೆಂದು ಮಳೆಯಲ್ಲಿ ನೆನೆಯುತ್ತಿದ್ದೆವು. ನನ್ನ ತಮ್ಮನಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನನ್ನ ಪ್ರಕೃತಿಯೇ ಅಷ್ಟು ಗಟ್ಟಿ, ಅದೇ ನನ್ನ ಅರಿಷ್ಟ.

ಅಜ್ಜಿಯ ಮಾತಿನ ಬೆಲೆ ತಿಳಿದದ್ದು ಪುಣೆಯಲ್ಲಿ, ದೊಡ್ಡ ಯುದ್ಧದ ಕಾಲಕ್ಕೆ. ನಾವಾಗ ರಾಸ್ತಾ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ, ಒಂದು ಹಿತ್ತಲು ಹಿಡಿದುಕೊಂಡು ಬಾಡಿಗೆಗೆ ಇದ್ದೆವು. ಮನೆಯಲ್ಲಿ ಮೂರೇ ಮಂದಿ. ನಮ್ಮವರು, ನಾನು, ನಮ್ಮ ಅತ್ತೆ. ಅತ್ತೆ ಹಾವೇರಿ ಕಡೆಯ ಹಳ್ಳಿಯವರು. ಪುಣೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮರಾಠಿ ಅರ್ಧ ದಾರಿಗೇ ನಿಂತಿತ್ತು. ಮರಾಠಿ ಶಬ್ದಕ್ಕೆ ಕನ್ನಡದ ಬಾಲ ಹಚ್ಚಿ, ಕೊನೆಗೊಂದು 'ರೀ' ಸೇರಿಸಿ ಇಡೀ ಭಾಜೀ ಮಂಡಿಯನ್ನೇ ಆಳುತ್ತಿದ್ದರು. ಯಾರೂ ಅವರಿಗೆ ತೂಕದಲ್ಲಿ ಮೋಸ ಮಾಡಿದ್ದಿಲ್ಲ. ಮಾಡಿದರೆ ಅವರು ಕೊಡುವ ಉಪನ್ಯಾಸ ತಿಳಿಯಲಿ ಬಿಡಲಿ, ಪೂರ್ತಿ ಕೇಳಬೇಕಾಗುತ್ತಿತ್ತು.

ನಮ್ಮವರು ಕ್ಯಾಂಪಿನ ಒಂದು ಆಫೀಸಿನಲ್ಲಿ ಕಾರಕೂನರು. ಅವರ ಸಾಹೇಬನಿಗೆ ಪೂರ್ವದ ಕಡೆ ಹೋಗಲು ಹುಕುಂ ಬಂತು. ಅವನ ಹೆಂಡತಿ ಮಡಮ್ಮನವರೂ ಎಲ್ಲಿಯದೋ ಮಿಲಿಟರಿ ಆಸ್ಪತ್ರೆಯ ಸೇವೆಗೆ ಹೆಸರು ಕೊಟ್ಟರು. ಉಳಿದದ್ದು ನಾಯಿ. ಬಿಳಿ ಮೈ, ಕಂದು ಕಿವಿ, ಗಿಡ್ಡ ಕಾಲು, ಹೆಸರು ಡೇಸಿ. ಒಂದು ಸಂಜೆ ಮಡಮ್ಮ ಟಾಂಗಾದಲ್ಲಿ ಬಂದು, ನಾಯಿಯನ್ನೂ ಒಂದು ಚೀಲವನ್ನೂ ನಮ್ಮ ಕಟ್ಟೆಯ ಮೇಲಿಳಿಸಿ, ನಮ್ಮವರಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಏನಂತ?" ಅತ್ತೆ ಕೇಳಿದರು.

"ಯುದ್ಧ ಮುಗಿಯೂ ತನಕ ಇಟಗೋರಿ, ನಾ ಬಂದ ಒಯ್ತೀನಿ ಅಂತಾಳವಾ. ಆ ಚೀಲದಾಗ ಬಿಸ್ಕೀಟ ಅವಂತ. ಅವನ್ನ ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ, ಅದರ ಹೊಟ್ಟಿ ಭಾಳ ನಾಜೂಕು ಅಂತ."

ಮಡಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅತ್ತೆಗೆ ಬಿಳಿಯ ಹೆಂಗಸೊಬ್ಬಳು ಕೈ ಹಿಡಿದದ್ದು ಅದೇ ಮೊದಲು. "ಹೇಳು ಅಕಿಗೆ," ಅಂದರು, "ನೀ ಬರೂತನಕ ಇದರ ಜೀವಕ್ಕ ನಾ ಜವಾಬ್ದಾರಿ ಅಂತ ಹೇಳು." ಬಾಯಿಂದ ಬಂದ ಮಾತು. ಅತ್ತೆಯ ಬಾಯಿಂದ ಬಂದ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ, ಆಮೇಲೆ ಮನೆಮಂದಿಯೆಲ್ಲ ಅದನ್ನು ಹೊರಬೇಕು.

ಡೇಸಿ ಒಂದೇ ದಿನಕ್ಕೆ ದ್ಯಾಸಿಯಾದಳು. ಪಡಸಾಲೆಯ ತನಕ ಅವಳ ರಾಜ್ಯ, ಅಡಿಗೆಮನೆ ನಿಷಿದ್ಧ. ಆದರೆ ಅವಳ ಬಿಸ್ಕೀಟಿಗೆ ನಿಷೇಧವಿರಲಿಲ್ಲ. ಇಲಿಯ ಕಾಟಕ್ಕೆ ಅತ್ತೆಯೇ ಅದನ್ನು ಡಬ್ಬಿಗೆ ತುಂಬಿ, ಶೇಂಗಾ ಚಟ್ನಿಗೂ ಹಪ್ಪಳಕ್ಕೂ ನಡುವೆ ಹಲಗೆಯ ಮೇಲೆ ಇಟ್ಟಿದ್ದರು. ನಮ್ಮ ಅಂಗೈಯಗಲದ ಚೌಕ, ಮೈತುಂಬ ತೂತು, ನೆಲಕ್ಕೆ ಬಿದ್ದರೆ ಟಣ್ ಅನ್ನುವಷ್ಟು ಗಟ್ಟಿ. ಅತ್ತೆ ಒಂದನ್ನು ಮುರಿದು ನೋಡಿ ತೀರ್ಪು ಕೊಟ್ಟರು. "ಇದೇನ ದೊಡ್ಡದಲ್ಲ. ನಮ್ಮ ಕಟಕ ರೊಟ್ಟಿನ. ಗುಂಡಗ ಬಡಿಯೂದ ಬಿಟ್ಟು ಚೌಕ ಮಾಡ್ಯಾರ, ಅಷ್ಟ."

ನಮ್ಮವರು ಇಂಗ್ಲಿಷ್ ಓದಿದವರು, ಹೀಗಾಗಿ ಅವರಿಗೆ ಪ್ರಯೋಗದ ಹುಚ್ಚು. ದಸರೆಯ ದಿನ, ಬನ್ನಿ ಮುಡಿದು ಬಂದು ಚಹಕ್ಕೆ ಕೂತಾಗ, ಒಂದನ್ನು ಚಹದಲ್ಲಿ ಅದ್ದಿ ತಿಂದೇಬಿಟ್ಟರು. "ಬಿರುಸ ಅದ. ಆದ್ರ ರುಚಿ ಕೆಟ್ಟಿಲ್ಲ" ಅಂದರು. ನನಗೂ ಒಂದು ತುಣುಕು ಕೊಡಲು ಬಂದರು. ಬಾಯಿ ಚಪಲಕ್ಕೆ ನಾನೂ ಕೈ ಚಾಚಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತೆಂದು ಒಳಗೆ ಓಡಿದೆ. ಬರುವಷ್ಟರಲ್ಲಿ ನನ್ನ ಪಾಲು ದ್ಯಾಸಿಯ ಬಾಯಲ್ಲಿತ್ತು. ಹಾಲು ಉಕ್ಕಿದ್ದಕ್ಕೆ ನಾನು ಬದುಕಿನಲ್ಲಿ ಸಂತೋಷಪಟ್ಟದ್ದು ಆಮೇಲೆ, ಅದೊಂದೇ ಸಲ.

ಚೀಲ ತೀರಿದಾಗೆಲ್ಲ ನಮ್ಮವರು ಕ್ಯಾಂಪಿನ ಒಬ್ಬ ಪಾರಸೀ ಸೇಠರ ಅಂಗಡಿಯಿಂದ ಹೊಸದು ತರುತ್ತಿದ್ದರು. ಸೇಠರು ದೊಡ್ಡ ಪೆಟ್ಟಿಗೆಯಿಂದ ತೆಗೆದು ಕಾಗದದ ಚೀಲಕ್ಕೆ ತುಂಬಿ ಕೊಡುವರು. ಒಂದು ದಿನ ನಮ್ಮವರು ಬರಿಗೈಯಲ್ಲಿ ಬಂದರು. ಹಡಗು ಬರುತ್ತಿಲ್ಲ. ಬಂದರೂ ಅದರಲ್ಲಿ ತೋಪು, ಮದ್ದು. ನಾಯಿ ಬಿಸ್ಕೀಟಿಗೆ ಎಲ್ಲಿ ಜಾಗ?

"ಅಷ್ಟ ಏನ," ಅಂದರು ಅತ್ತೆ. "ರೊಟ್ಟಿ ತಿಂತದ."

ದ್ಯಾಸಿ ರೊಟ್ಟಿ ತಿನ್ನಲಿಲ್ಲ. ಹಾಲಿನಲ್ಲಿ ನೆನೆಸಿ ಕೊಟ್ಟರೆ ಹಾಲು ನೆಕ್ಕಿ ರೊಟ್ಟಿ ಬಿಟ್ಟಳು, ಸ್ವಲ್ಪ ಹೊತ್ತಿಗೆ ಹಾಲನ್ನೂ ಕಾರಿದಳು. ತುಪ್ಪ ಸವರಿದ ಚಪಾತಿ, ಹೆಸರುಬೇಳೆಯ ಹುಗ್ಗಿ, ಬೆಲ್ಲದ ಮಾದಲಿ, ಬಾಣಂತಿಗೆ ಮಾಡುವುದನ್ನೆಲ್ಲ ಅತ್ತೆ ಅವಳಿಗೆ ಮಾಡಿದರು. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನಗೂ ಇಷ್ಟು ಉಪಚಾರ ಆಗಿರಲಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ಅಂದೆ. "ನೀ ಉಪಾಸ ಬೀಳೂ ಪೈಕಿ ಅಲ್ಲ ಬಿಡು" ಅಂದರು ಅತ್ತೆ. ದ್ಯಾಸಿ ತಾಟನ್ನು ಮೂಸುವಳು, ಮುಖ ತಿರುಗಿಸುವಳು, ಬಚ್ಚಲಿನ ತಂಪು ಕಲ್ಲಿನ ಮೇಲೆ ಹೋಗಿ ಮಲಗುವಳು. ದಿನ ಕಳೆದಂತೆ ಪಕ್ಕೆಲುಬು ಮೇಲೆದ್ದವು. ಬಾಲ ಅಲ್ಲಾಡುವುದು ನಿಂತಿತು. ಮಡಮ್ಮ ಬಂದು ಕೇಳಿದರೆ ಏನು ಹೇಳುವುದೆಂಬ ಚಿಂತೆ ನಮ್ಮವರಿಗೆ. ಅತ್ತೆಗೆ ಅದಕ್ಕಿಂತ ದೊಡ್ಡ ಚಿಂತೆ. ಅವರೂ ಊಟ ಬಿಟ್ಟರು.

"ಯವ್ವಾ, ನೀ ಯಾಕ?" ಅಂದರು ನಮ್ಮವರು.

"ಮನ್ಯಾಗ ಒಂದ ಬಾಯಿ ಉಪಾಸ ಇದ್ರ ನನ್ನ ಬಾಯಾಗ ತುತ್ತ ಇಳಿಯೂದಿಲ್ಲ ಬಸಣ್ಣಾ. ಲಿಂಗಪೂಜಿ ಮಾಡ್ಕೋತೀನಿ, ನೀರ ಕುಡೀತೀನಿ. ನೀ ಮೊದಲ ಆ ಬಿಸ್ಕೀಟಿನ್ಯಾಗ ಏನ ಹಾಕ್ತಾರ ಕೇಳಕೊಂಡ ಬಾ. ಹಾಕಿದ್ದನ್ನ ನಾವೂ ಹಾಕೂಣು. ರೊಟ್ಟಿ ಬಡಿಯಾಕ ಬರದವರ ಮನಿ ಅಲ್ಲ ಇದು."

ನಮ್ಮವರು ಕೇಳಿ ಬಂದರು. ಸೇಠರಿಗೆ ಗೊತ್ತಿಲ್ಲವಂತೆ. ಅತ್ತೆ ಸೀರೆ ಬದಲಿಸಿ, ಹಣೆಯ ವಿಭೂತಿ ಸರಿಮಾಡಿ, "ನಡೀರಿ, ನಾ ಕೇಳ್ತೀನಿ" ಅಂದರು. ಮೂವರೂ ಟಾಂಗಾ ಮಾಡಿಕೊಂಡು ಕ್ಯಾಂಪಿಗೆ ಹೋದೆವು.

ಸೇಠರು ಎತ್ತರದ ಆಳು, ಕರೀ ಟೋಪಿ, ಬಿಳಿ ಮೀಸೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತ ವಿಭೂತಿಯ ಮುದುಕಿಯನ್ನು ಕಂಡು ಕುರ್ಚಿ ತರಿಸಿದರು. ಅತ್ತೆ ಕೂಡಲಿಲ್ಲ. ಅತ್ತೆಯ ಮರಾಠಿ, ಸೇಠರ ಗುಜರಾತಿ ಬೆರೆತ ಹಿಂದೂಸ್ತಾನಿ, ನಡುವೆ ನಮ್ಮವರ ದುಭಾಷಿತನ. ನಾನು ಇಲ್ಲಿ ಎಲ್ಲವನ್ನೂ ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ.

"ನೀವು ಮಾರತೀರಿ, ಒಳಗ ಏನ ಅದ ಅಂತ ನಿಮಗ ಗೊತ್ತಿಲ್ಲ?" ಅತ್ತೆ ನೇರವಾಗಿ ಕೇಳಿದರು.

"ಅಮ್ಮಾ, ವಿಲಾಯತಿ ಮಾಲು. ತಿನ್ನುವವನು ತಕರಾರು ಹೇಳುವುದಿಲ್ಲ. ಕೊಳ್ಳುವವಳು ಕೇಳುವುದಿಲ್ಲ. ನಾನು ಯಾಕೆ ಕೇಳಲಿ?"

"ನಾ ಕೇಳಾಕತ್ತೀನಲ್ಲ."

ಸೇಠರು ಅವರನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಖಾಲಿ ಪೆಟ್ಟಿಗೆಯೊಂದನ್ನು ಎಳೆದು ತಂದರು. ಅದರ ಮುಚ್ಚಳದ ಒಳಮೈಗೆ ಅಚ್ಚಿನ ಕಾಗದ ಅಂಟಿಸಿತ್ತು. ನಮ್ಮವರು ಬಗ್ಗಿ ಓದಿದರು. "ಗೋಧಿ ಹಿಟ್ಟು."

"ನಾ ಹೇಳಿದ್ದಿಲ್ಲ?" ಅತ್ತೆ ನನ್ನ ಕಡೆ ತಿರುಗಿದರು.

"ಬೀಟ್‌ರೂಟು."

"ಅದೇನು?"

"ಕೆಂಪ ಗಡ್ಡಿ, ಅವ್ವಾ. ಕ್ಯಾಂಪಿನ ಮಾರ್ಕೆಟ್ಟಿನ್ಯಾಗ ಸಿಗತದ."

"ಆಮ್ಯಾಲೆ?"

ನಮ್ಮವರು ತೊದಲಿದರು. ಅಲ್ಲೊಂದು ಉದ್ದನ್ನ ಶಬ್ದವಿತ್ತು. ನೋಡಲು ಯಾವುದೋ ಟಾನಿಕ್ಕಿನ ಹೆಸರಿನಂತಿತ್ತು. ನಮ್ಮವರು ಎರಡು ಸಲ ಉಚ್ಚರಿಸಿ, "ಔಷಧ ಇರಬೇಕವಾ, ನಾಯಿಗೆ ತಾಕತ್ತು ಬರಾಕ" ಅಂದರು.

ಸೇಠರು ಹೊಟ್ಟೆ ಕುಣಿಯುವಂತೆ ನಕ್ಕರು. ಅವರ ಭಾವಮೈದುನ ಮುಂಬೈಯಲ್ಲಿ ಮೇಣಬತ್ತಿಯ ಕಾರಖಾನೆಯಲ್ಲಿದ್ದನಂತೆ. ಅಲ್ಲಿ ದನ ಕುರಿಗಳ ಕೊಬ್ಬನ್ನು ದೊಡ್ಡ ಕೊಪ್ಪರಿಗೆಗಳಲ್ಲಿ ಕಾಯಿಸುತ್ತಾರೆ. ಮೇಲಿನ ಚರಬಿ ಮೇಣಬತ್ತಿಗೆ, ಸಾಬೂನಿಗೆ. ತಳದಲ್ಲಿ ಉಳಿಯುತ್ತದಲ್ಲ, ಕಂದು ಬಣ್ಣದ ಚೂರು ಚೂರು, ಮಾಂಸದ ಎಳೆ, ಚರ್ಮದ ಚಕ್ಕೆ, ಅದನ್ನು ಹಿಂಡಿ ಒಣಗಿಸಿ ಪುಡಿ ಮಾಡುತ್ತಾರೆ. "ಆ ಪುಡಿಗೆ ಇಷ್ಟು ಉದ್ದ ಹೆಸರು. ನಿಮ್ಮಲ್ಲಿ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುವುದಿಲ್ಲವೆ, ದನಕ್ಕೆ ಹಾಕುವುದು? ಇದು ಚರಬಿಯ ಹಿಂಡಿ. ಗಿರಣಿಯ ಅಗ್ಗದ ಹಿಟ್ಟು, ಚರಬಿಯ ಹಿಂಡಿ, ಬಣ್ಣಕ್ಕೆ ಗಡ್ಡೆ, ಸ್ವಲ್ಪ ಎಲುಬಿನ ಪುಡಿ. ಕಲೆಸಿ ಸುಟ್ಟರೆ ಆಯಿತು ವಿಲಾಯತಿ ಮಾಲು."

ನಮ್ಮವರು ಮೆಟ್ಟಿಲಿಳಿದು ಗಟಾರದ ಬದಿಗೆ ಹೋಗಿ ಉಗುಳಿದರು. ಮತ್ತೊಮ್ಮೆ ಉಗುಳಿದರು.

"ಏ ಬಸ್ಯಾ," ಅತ್ತೆ ಮೇಲಿನಿಂದಲೇ ಕೂಗಿದರು, "ತಿಂದದ್ದ ದಸರಾದಾಗ. ಈಗ ದೀಪಾವಳಿ ಬಂತು. ಏನ ಉಗುಳ್ತಿ?"

ನಾನು ಉಕ್ಕಿದ ಹಾಲನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದೆ. ಬಿಸ್ಕೀಟು ಮೂಸುವ ನನ್ನ ಚಟದ ಜನ್ಮಸ್ಥಳ ಆ ಮೆಟ್ಟಿಲು.

ಮನೆಗೆ ಬಂದ ಕೂಡಲೇ ಡಬ್ಬಿ ಹಿತ್ತಲಿಗೆ ಹೋಯಿತು. ಹಲಗೆಯನ್ನು ತೊಳೆದದ್ದಾಯಿತು. ಪಕ್ಕದಲ್ಲಿದ್ದ ಶೇಂಗಾ ಚಟ್ನಿಯನ್ನು ಏನು ಮಾಡುವುದೆಂದು ಅತ್ತೆ ಬಹಳ ಹೊತ್ತು ವಿಚಾರ ಮಾಡಿದರು. ಯುದ್ಧಕಾಲ, ಶೇಂಗಾ ತುಟ್ಟಿ. "ಮುಚ್ಚಳ ಬಿಗಿ ಇತ್ತು" ಎಂದು ಕೊನೆಗೆ ಅದಕ್ಕೆ ಮಾಫಿ ಕೊಟ್ಟರು.

ಆಮೇಲೆ ಅತ್ತೆ ಕೂತು ಯೋಚಿಸಿದರು. ಅವರು ಯೋಚಿಸುವಾಗ ಹೆಬ್ಬೆರಳಿನಿಂದ ಒಂದೊಂದೇ ಬೆರಳ ಗೆಣ್ಣು ಮುಟ್ಟುತ್ತಿದ್ದರು. "ಗೋಧಿ ಅದ. ರೇಶನ್ನಿಂದು ಯಾಕಾಗವಲ್ದು. ನಾವು ಜೋಳ ತಿನ್ನೂಣು. ಗಡ್ಡಿ ಸಿಗತದ. ಇನ್ನ ಹಿಂಡಿ. ಸೇಠ ಏನಂದ? ಚರಬಿ ತಗದ ಮ್ಯಾಲೆ ಉಳದದ್ದು ಅಂದ. ನಾವು ಎಣ್ಣಿ ತಗದ ಮ್ಯಾಲೆ ಉಳದದ್ದ ಹಾಕೂಣು. ಅದೂ ಹಿಂಡಿ, ಇದೂ ಹಿಂಡಿ. ನಾಯಿಗೆ ಏನ ಗೊತ್ತಾಗತದ?"

ನಮ್ಮಂಥ ಮನೆಯಲ್ಲಲ್ಲದೆ ಬೇರೆ ಎಲ್ಲಿಯೂ ಇಂಥ ಯುಕ್ತಿ ಹುಟ್ಟಲಾರದು. ನನಗೂ ನಮ್ಮವರಿಗೂ ಅದು ಆಗ ಎಷ್ಟು ಸರಿಯಾಗಿ ಕಂಡಿತೆಂದರೆ, ನಮ್ಮವರು ಸೈಕಲ್ಲೇರಿ ಗಾಣದವನಲ್ಲಿಂದ ಶೇಂಗಾದ ಹಿಂಡಿ ತಂದರು, ನಾನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿದೆ. ಅತ್ತೆ ಗಡ್ಡೆ ಬೇಯಿಸಿ ಹಿಸುಕಿ, ಹಿಟ್ಟು ಕಲೆಸಿ, ದಪ್ಪಗೆ ಲಟ್ಟಿಸಿ, ಚಾಕುವಿನಿಂದ ಚೌಕ ಕೊಯ್ದು, ಸೂಜಿಯಿಂದ ಒಂದೊಂದಕ್ಕೂ ತೂತು ಚುಚ್ಚಿದರು. ತೂತಿಲ್ಲದಿದ್ದರೆ ದ್ಯಾಸಿಗೆ ಸಂಶಯ ಬಂದೀತಲ್ಲ! ಹಂಚಿನ ಮೇಲೆ ಬೇಯಿಸಿ ಕೆಂಡದ ಬದಿಗೆ ಒರಗಿಸಿ ಒಣಗಿಸಿದ ಮೇಲೆ ನೋಡಿದರೆ ಮಡಮ್ಮನ ಬಿಸ್ಕೀಟಿಗೂ ಇದಕ್ಕೂ ಕೂದಲೆಳೆಯ ಫರಕಿಲ್ಲ. ನೆಲಕ್ಕೆ ಹಾಕಿದರೆ ಟಣ್ ಎಂದಿತು.

ದ್ಯಾಸಿ ತಲೆಯೆತ್ತಿದಳು. ನಡುಗುವ ಕಾಲಿನಲ್ಲಿ ಎದ್ದು ಬಂದಳು. ನಾವು ಮೂವರೂ ದಾರಿ ಬಿಟ್ಟು ಸರಿದು ನಿಂತೆವು. ಅವಳು ಒಂದು ಬದಿ ಮೂಸಿದಳು, ಮೂಗಿನಿಂದ ತಿರುವಿ ಹಾಕಿ ಇನ್ನೊಂದು ಬದಿ ಮೂಸಿದಳು. ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಮತ್ತೆ ಬಚ್ಚಲಿನ ಕಲ್ಲಿಗೆ ಹೋಗಿ ಮಲಗಿದಳು.

ಬಿಸ್ಕೀಟನ್ನೆಲ್ಲ ಹಿತ್ತಲ ಗೋಡೆಯ ಮೇಲೆ ಇಟ್ಟೆವು. ಮರುದಿನ ಗೌಳಿಯ ಎಮ್ಮೆ ಗೋಡೆಯಾಚೆಯಿಂದ ಮೂತಿ ಚಾಚಿ ಎಲ್ಲವನ್ನೂ ಮೆದ್ದಿತು. ಗೌಳಿ ಬಂದು, "ಆಜೀ, ಇದಕ್ಕ ಏನ ಹಾಕಿದ್ರಿ? ಎಮ್ಮಿ ನಿಮ್ಮ ಗೋಡಿ ಬಿಟ್ಟ ಕದಲವಲ್ದು. ದಿನಾ ಮಾಡ್ರಿ, ಹಾಲಿಗೆ ನೀರ ಕಡಿಮಿ ಹಾಕತೀನಿ" ಅಂದ. ಅವನದೂ ನಮ್ಮಂತೆಯೇ ಅರ್ಧ ಕನ್ನಡ, ಅರ್ಧ ಮರಾಠಿ. ಉಳಿದ ದಿನವಾಗಿದ್ದರೆ ಅತ್ತೆ ಅವನ ನೀರಿನ ಕಬೂಲಿಯನ್ನು ಹಿಡಿದು ಜಗ್ಗಾಡುತ್ತಿದ್ದರು. ಅಂದು ಹಾಲು ಇಸಿದುಕೊಂಡು ಒಳಗೆ ನಡೆದರು.

ಅಂದು ಮಧ್ಯಾಹ್ನ ದ್ಯಾಸಿ ನೀರನ್ನೂ ಮುಟ್ಟಲಿಲ್ಲ. ಅತ್ತೆ ಬಚ್ಚಲ ಹೊಸ್ತಿಲ ಮೇಲೆ ಕೂತು ಒದ್ದೆ ಅರಿವೆಯಿಂದ ಅವಳ ಮೂತಿ ಒರೆಸುತ್ತಿದ್ದರು. ಅವರ ಮುಖವೂ ಇಳಿದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಶಾಂತಾ," ಅಂದರು, "ನಮ್ಮ ತವರಮನಿ ದೇವ್ರು ಮೈಲಾರಲಿಂಗ. ನಿನಗ ಗೊತ್ತದಲ್ಲ?"

"ಗೊತ್ತದ್ರಿ ಅತ್ತಿ."

"ಗೊರವಯ್ಯಗೋಳು ಮನಿಗೆ ಬರ್ತಾರ. ಕಂಬಳಿ ಹೊದ್ದು, ಕೊರಳಾಗ ಭಂಡಾರದ ಚೀಲ ಕಟಕೊಂಡು. ಅವರು ಮೈಲಾರನ ನಾಯಿಗೋಳು ಅಂತ. ಅಂಗಳದಾಗ ದೋಣಿ ಇಡತೀವಿ, ಕಟ್ಟಿಗಿ ಮರಿಗಿ. ಹಾಲು, ಬಾಳಿಹಣ್ಣು, ಹೋಳಿಗಿ, ತುಪ್ಪ, ಎಲ್ಲಾ ತುಂಬತೀವಿ. ಅವರು ಬೊಗಳಕೋತ, ಮಳಕಾಲೂರಿ ಬಂದು ಬಾಯಿ ಹಾಕಿ ತಿಂತಾರ. ಸಣ್ಣಾಕಿ ಇದ್ದಾಗ ನಾನ ತುಂಬತಿದ್ದೆ. ತಿಂದು ಅವರು ತೃಪ್ತಿ ಆದ್ರ ಮನಿಗೆ ಚೊಲೋ ಅಂತ." ಅರಿವೆಯನ್ನು ಮತ್ತೆ ನೀರಲ್ಲಿ ಅದ್ದಿ ಹಿಂಡಿದರು. "ಮನಷ್ಯಾರು ನಾಯಿ ಆಗಿ ಬಂದು ಹೋಳಿಗಿ ತಿಂದ್ರು, ನಾವು ಕೈ ಮುಗದ್ವಿ. ಇದು ಖರೇ ನಾಯಿ. ಇದು ಏನ ತಿಂತದ ಅಂತ ನಾ ಇಷ್ಟ ವಯಸ್ಸಿನ್ಯಾಗ ಒಮ್ಮೆರ ಕೇಳೇನೇನು? ನಾ ತಿನ್ನೂದನ್ನ ಅದರ ಮುಂದ ಇಟ್ಟು, ತಿನ್ನವಲ್ದು ಅಂತ ಅದರ ಮ್ಯಾಲೆ ಸಿಟ್ಟ ಮಾಡಾಕತ್ತೀನಿ."

ಅತ್ತೆ ಅರಿವೆಯನ್ನು ಬದಿಗಿಟ್ಟರು.

"ಬಸಣ್ಣಗ ಹೇಳು. ಆ ಇನ್ನೊಂದ ಹಿಂಡಿ ತರ್ಸು ಅಂತ."

ನಮ್ಮವರಿಗೆ ಹೇಳಿದೆ. ಅವರು ಬಿಳುಚಿಕೊಂಡರು. ದಸರೆಯ ನೆನಪು ಇನ್ನೂ ಹಸಿಯಾಗಿತ್ತು. ಆದರೆ ಅವರ ಆಫೀಸಿನಲ್ಲಿ ಬಾಳೂ ಎಂಬ ಜವಾನ, ಪಟ್ಟೇವಾಲಾ, ಇದ್ದ. ಜುನ್ನರಿನ ಕಡೆಯವನು, ಮಾಂಸ ತಿನ್ನುವವನು, ಯಾರ ಕೆಲಸಕ್ಕೂ ಇಲ್ಲ ಅನ್ನದವನು. ಕ್ಯಾಂಪಿನ ಮಾರ್ಕೆಟ್ಟಿನ ಹಿಂದೆ ಸಾಬೂನಿಗೆಂದು ಚರಬಿ ಕಾಯಿಸುವ ಒಬ್ಬ ಮುದುಕನನ್ನು ಅವನು ಬಲ್ಲ. ಮರುದಿನ ರವಿವಾರ ಮುಂಜಾನೆ ಮುತ್ತಲ ಎಲೆಯಲ್ಲಿ ಕಟ್ಟಿದ ಪೊಟ್ಟಣ ತಂದು, ಒಳಗೆ ಬರದೆ, ಹಿತ್ತಲ ಗೋಡೆಯ ಮೇಲಿಟ್ಟ. "ಆಜೀ, ಬಿಸಿ ಬಿಸಿ ತಂದೀನಿ" ಎಂದು ಹೆಮ್ಮೆಯಿಂದ ಅಂದ.

ಹಿತ್ತಲಲ್ಲಿ ಮೂರು ಕಲ್ಲು ಹೂಡಿದ್ದೆವು. ಬಿರುಕು ಬಿಟ್ಟ ಹಳೆಯ ಹಂಚು, ಒಡೆದ ಅಂಚಿನ ಪರಾತ. ನಾನು ಕಲೆಸಲು ಸೆರಗು ಸಿಕ್ಕಿಸಿದೆ. ಪೊಟ್ಟಣ ಬಿಚ್ಚಿದ ಕೂಡಲೆ ವಾಸನೆ ತಡೆಯದೆ ಮೂಗು ಮುಚ್ಚಿಕೊಂಡೆ. ಬೇವಿನ ಗಿಡದ ಬುಡಕ್ಕೆ ಓಡಿದೆ. ತಿರುಗಿ ನೋಡಿದರೆ ಅತ್ತೆ ಪರಾತದ ಮುಂದೆ ಕೂತು ಕೈ ಹಾಕಿಬಿಟ್ಟಿದ್ದರು.

"ಅತ್ತೀ! ಕೊರಳಾಗ ಲಿಂಗ ಅದರೀ!"

ನಮ್ಮಲ್ಲಿ ಲಿಂಗ ಮೈಯಿಂದ ಇಳಿಸುವಂತಿಲ್ಲ. ಲಿಂಗ ಮೈಮೇಲಿರುವಾಗ ಇಂಥದನ್ನು ಮುಟ್ಟುವಂತೆಯೂ ಇಲ್ಲ. ಅತ್ತೆ ತಲೆ ಎತ್ತದೆ ಹಿಟ್ಟು ಹಿಸುಕುತ್ತಲೇ ಅಂದರು. "ಇರಲಿ. ಅವನೂ ನೋಡ್ಲಿ, ತಾ ಹುಟ್ಟಿಸಿದ ನಾಯಿಗೆ ಏನ ಬೇಕಂತ. ಹುಟ್ಟಿಸಿದವಗ ನಾಚಿಕಿ ಇಲ್ಲ, ಕಲಸಾಕಿಗೆ ಯಾಕ?"

ಹಂಚಿನ ಮೇಲೆ ಮೊದಲ ಚೌಕ ಬೀಳುತ್ತಿದ್ದಂತೆ ಹೊಗೆ ಎದ್ದಿತು. ವಾಡೆಯ ಮೇಲಿನ ಕಿಟಕಿ ತೆರೆದು ಮನೆಯ ಒಡತಿ, ನಾವೆಲ್ಲ ಕಾಕೂ ಎಂದು ಕರೆಯುತ್ತಿದ್ದ ಹೆಂಗಸು, ಮೂಗಿಗೆ ಸೆರಗು ಹಿಡಿದು ಬಗ್ಗಿದರು. ಬಹಳ ಮಡಿಯವರು. ಏನು ಬೇಯಿಸುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದರು. ಮನೆ ಬಿಡಿಸಿದರೆ ಎಲ್ಲಿಗೆ ಹೋಗುವುದೆಂದು ನನಗೆ ಅಂಜಿಕೆಯಾಯಿತು.

"ನೈವೇದ್ಯ ರೀ ಕಾಕೂ, ಖಂಡೋಬಾಚಾ ಕುತ್ರ್ಯಾಚಾ ನೈವೇದ್ಯ!" ಅತ್ತೆ ಕೂಗಿ ಹೇಳಿದರು.

ಖಂಡೋಬನ ನಾಯಿಯ ನೈವೇದ್ಯ ಅಂತ. ಜೇಜೂರಿಯ ಖಂಡೋಬ ನಮ್ಮ ಮೈಲಾರನೇ. ಆ ಹೆಸರು ಹೇಳಿದರೆ ಪುಣೆಯಲ್ಲಿ ಯಾರು ತಕರಾರು ಮಾಡಿಯಾರು? ಕಾಕೂ ಏನೋ ಅನ್ನಲು ಬಾಯಿ ತೆರೆದವರು ಮುಚ್ಚಿಕೊಂಡರು. ಕಿಟಕಿಯನ್ನೂ ಮುಚ್ಚಿಕೊಂಡರು. ಅಂದಿನಿಂದ ಪ್ರತಿ ರವಿವಾರ ಅದೇ ಹೊತ್ತಿಗೆ ಅವರು ತುಳಶೀಬಾಗಿನ ರಾಮನ ಗುಡಿಗೆ ಹೋಗತೊಡಗಿದರು. ನಮ್ಮಿಂದಾಗಿ ಅವರಿಗೆ ಎಷ್ಟು ಪುಣ್ಯ ಬಂತೋ ಲೆಕ್ಕವಿಲ್ಲ.

ದ್ಯಾಸಿಯನ್ನು ಕರೆಯಬೇಕಾಗಲಿಲ್ಲ. ಮೊದಲು ಬಚ್ಚಲ ಬಾಗಿಲಲ್ಲಿ ಅವಳ ಮೂಗು ಕಂಡಿತು. ಆಮೇಲೆ ಅವಳು. ಗೋಡೆಗೆ ಮೈ ತಾಗಿಸಿಕೊಂಡು, ನಡುವೆ ಒಮ್ಮೆ ಕೂತು, ಮತ್ತೆ ಎದ್ದು, ಒಲೆಯ ತನಕ ಬಂದಳು.

"ತಡಿಯವಾ, ಬಾಯಿ ಸುಡತದ," ಅಂದರು ಅತ್ತೆ. ಒಂದು ಚೌಕವನ್ನು ಮುರಿದು, ಊದಿ ಊದಿ ಆರಿಸಿ, ಅಂಗೈಯಲ್ಲಿಟ್ಟು ಚಾಚಿದರು. ದ್ಯಾಸಿ ಮೂಸಿದಳು. ತಿರುವಿ ಹಾಕಲಿಲ್ಲ. ತಿಂದಳು. ಇನ್ನೊಂದು ತುಣುಕು ತಿಂದಳು. ಅಂಗೈಯನ್ನು ನೆಕ್ಕಿದಳು. ಬಾಲದ ತುದಿ ಮಾತ್ರ ಒಂದಿಷ್ಟು ಅಲ್ಲಾಡಿತು.

ಅತ್ತೆ ಅವಳು ತಿಂದು ಮುಗಿಸುವವರೆಗೂ ಕೂತಿದ್ದು, ಎದ್ದು ತಲೆಯ ಮೇಲೆ ನೀರು ಹೊಯ್ದುಕೊಂಡು, ಲಿಂಗಪೂಜೆಗೆ ಕೂತರು. ಅಂದಿನ ಪೂಜೆ ಎಂದಿಗಿಂತ ಬಹಳ ಹೊತ್ತು ನಡೆಯಿತು. ಅತ್ತೆಗೂ ಶಿವನಿಗೂ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಎದ್ದು ಬಂದು, "ರೊಟ್ಟಿ ಹಾಕವಾ, ಹಸಿವಿ ಆಗೇದ" ಅಂದರು. ನಾನು ಬಿಸಿ ರೊಟ್ಟಿ ಹಾಕಿದೆ. ಮಾಫಿ ಸಿಕ್ಕಿದ್ದ ಶೇಂಗಾ ಚಟ್ನಿಯನ್ನೂ ಹಾಕಿದೆ.

ಯುದ್ಧ ಮುಗಿಯುವವರೆಗೂ ಪ್ರತಿ ರವಿವಾರ ಹೀಗೇ ನಡೆಯಿತು. ಬಾಳೂ ಪೊಟ್ಟಣ ತರುವುದು, ಅತ್ತೆ ವಾರಕ್ಕಾಗುವಷ್ಟು ಬೇಯಿಸುವುದು, ನಾನು ಬೇವಿನ ಗಿಡದ ಕೆಳಗೆ ನಿಂತು ಉಸಿರು ಬಿಗಿಹಿಡಿದು ಸೌದೆ ಕೊಡುವುದು. ಮೊದಮೊದಲು ಅತ್ತೆ ಸ್ನಾನ ಮಾಡುತ್ತಿದ್ದರು, ಬರಬರುತ್ತ ಕೈಕಾಲು ತೊಳೆದುಕೊಳ್ಳುವುದಕ್ಕೆ ಬಂದರು. ದ್ಯಾಸಿ ದುಂಡಗಾದಳು. ಅಡಿಗೆಮನೆಯ ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗುವಳು. ಗದ್ದ ಒಳಗೆ, ಮೈ ಹೊರಗೆ. ಅದು ಅವಳಿಗೂ ಅತ್ತೆಗೂ ಆದ ಒಪ್ಪಂದ.

ಯುದ್ಧ ಮುಗಿದ ಮೇಲೆ ಒಂದು ಸಂಜೆ ಮನೆಯ ಮುಂದೆ ಟಾಂಗಾ ನಿಂತಿತು. ಮಡಮ್ಮ ಇಳಿದಳು. ಸೊರಗಿದ್ದಳು, ಕೂದಲು ಬೆಳ್ಳಗಾಗಿತ್ತು. ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಹೊಸ್ತಿಲ ಮೇಲಿದ್ದ ದ್ಯಾಸಿ ಬಾಣದಂತೆ ಹಾರಿ ಹೋದಳು. ಅವಳು ಕೂಗಿದ ಕೂಗಿಗೆ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಮಡಮ್ಮ ಕಟ್ಟೆಯ ಮೇಲೆ ಕೂತೇಬಿಟ್ಟಳು. ನಾಯಿಯ ಮೈಯೆಲ್ಲ ತಡವಿ, ಹೊಟ್ಟೆ ಒತ್ತಿ ನೋಡಿ, ನಮ್ಮವರನ್ನು ಏನೋ ಕೇಳಿದಳು.

"ಬಿಸ್ಕೀಟ ಬರ್ತಿದ್ದಿಲ್ಲಲ್ಲ, ಏನ ಹಾಕಿದ್ರಿ ಅಂತ ಕೇಳ್ತಾಳವಾ."

"ಇದ್ದದ್ದ ಹೇಳು."

ನಮ್ಮವರು ಹೇಳಿದರು. ಗೋಧಿ, ಗಡ್ಡೆ ಅನ್ನುವವರೆಗೆ ಮಡಮ್ಮ ತಲೆಯಾಡಿಸುತ್ತಿದ್ದಳು. ಚರಬಿ ಕಾಯಿಸಿ ಉಳಿದ ಚೂರು ಅಂದಾಗ ಅವಳ ಮುಖ ಹುಳ್ಳಗಾಯಿತು. ಅಂಥ ಹೊಲಸನ್ನು ತನ್ನ ಡೇಸಿಗೆ ಎಂದೂ ಹಾಕಿದ್ದಿಲ್ಲ ಅಂದಳು.

"ಅಕಿ ಇಷ್ಟ ವರ್ಷ ಏನ ಹಾಕತಿದ್ದಳಂತ ಅಕಿಗೇ ಕೇಳು," ಅಂದರು ಅತ್ತೆ.

ನಮ್ಮವರು ಅದನ್ನು ಇಂಗ್ಲಿಷಿಗೆ ತರುವಾಗ ಎಷ್ಟು ಬದಲಿಸಿದರೋ, ಮಡಮ್ಮ ಮುಗುಳ್ನಕ್ಕು ಅತ್ತೆಗೆ ಕೈ ಮುಗಿದಳು. ಆಮೇಲೆ ಅತ್ತೆಯ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ. ಗಂಡ ಹೆಂಡತಿ ನೀಲಗಿರಿಯಲ್ಲಿ ಮನೆ ಮಾಡಿದ್ದರಂತೆ. ಅಂದು ರಾತ್ರಿಯೇ ರೈಲು. ಅತ್ತೆ ಡಬ್ಬಿಯಲ್ಲಿದ್ದ ಬಿಸ್ಕೀಟನ್ನೆಲ್ಲ ಅರಿವೆಯಲ್ಲಿ ಕಟ್ಟಿ ಟಾಂಗಾದಲ್ಲಿಟ್ಟರು. ಮಡಮ್ಮ ಬೇಡ ಅನ್ನಲಿಲ್ಲ.

ದ್ಯಾಸಿ ಟಾಂಗಾಕ್ಕೆ ಹಾರಿ ಮಡಮ್ಮನ ಮಡಿಲಲ್ಲಿ ಕೂತಳು. ಓಣಿಯ ತಿರುವಿನ ತನಕ ನಾವು ನೋಡುತ್ತ ನಿಂತೆವು. ದ್ಯಾಸಿ ಒಮ್ಮೆಯೂ ತಿರುಗಿ ನೋಡಲಿಲ್ಲ.

"ನೋಡ್ರಿ ಅತ್ತಿ, ಎಂಥಾ ಕೃತಘ್ನಿ!" ಅಂದೆ. ನನ್ನ ಕಣ್ಣು ತುಂಬಿದ್ದವು.

"ಹಂಗ್ಯಾಕಂತಿ? ತವರಿಂದ ನಿನ್ನ ತಮ್ಮ ಕರಿಯಾಕ ಬಂದಾಗ ನೀ ತಿರುಗಿ ನೋಡತಿಯೇನು?" ಅಂದರು ಅತ್ತೆ. ಒಳಗೆ ಹೋಗಿ ಒಲೆ ಹಚ್ಚಿದರು.

ಬಾಳೂಗೆ ಇನ್ನು ಬೇಡ ಎಂದು ಹೇಳುವುದನ್ನು ನಮ್ಮವರು ಮರೆತರು. ಮುಂದಿನ ರವಿವಾರ ಮುಂಜಾನೆ ಅವನು ಎಂದಿನಂತೆ ಪೊಟ್ಟಣ ತಂದು ಗೋಡೆಯ ಮೇಲಿಟ್ಟ. ನಾಯಿ ಹೋಯಿತೆಂದು ನಾನು ಹೇಳಿದೆ. ಅವನು ಪೇಚಾಡಿ, ಪೊಟ್ಟಣವನ್ನು ತಿರುಗಿ ಕೈಗೆತ್ತಿಕೊಂಡ.

"ಇಡಪಾ ಅಲ್ಲೇ," ಅತ್ತೆ ಒಳಗಿನಿಂದ ಅಂದರು.

ಪರಾತ ಹಿಡಿದು ಹಿತ್ತಲಿಗೆ ಬಂದು ಕೂತರು. ನಾನು ಬೇವಿನ ಗಿಡದ ಕೆಳಗಿನಿಂದ ಸೌದೆ ಕೊಟ್ಟೆ. ಹೊಗೆ ಎದ್ದಾಗ ಕಾಕೂ ಕಿಟಕಿ ಮುಚ್ಚಿ ರಾಮನ ಗುಡಿಗೆ ಹೊರಟ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲ ಸಂದಿಯಲ್ಲಿ ಓಣಿಯ ಕರೀ ನಾಯಿಯೊಂದು ಮೂತಿ ತೂರಿಸಿತು. ಅದರ ಹಿಂದೆ ಕಿವಿ ಹರಿದ ಇನ್ನೊಂದು. ಅತ್ತೆ ಎದ್ದು ಬಾಗಿಲು ಪೂರ್ತಿ ತೆರೆದಿಟ್ಟು ಬಂದು, ಒಂದು ಚೌಕವನ್ನು ಮುರಿದು ಊದಿ ಆರಿಸತೊಡಗಿದರು.